ಮುಚ್ಚಿದ ಕೋಣೆಯಲ್ಲಿ ನಮ್ಮ ಮಕ್ಕಳು
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದಂದು ನಾಡುನುಡಿಯ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಮ್ಮ ಮಕ್ಕಳ ಮನಸ್ಸಿನ ಬಗ್ಗೆ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ನಾನು ಮನೋವೈದ್ಯೆಯಲ್ಲ, ಒಬ್ಬ ತಾಯಿ. ಈಗ ದೊಡ್ಡವನಾಗಿರುವ ನನ್ನ ಮಗನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಗದ್ವ್ಯಾಪಿ ಪಿಡುಗೆಂದು ಸಾರಿತು. ಆ ತಿಂಗಳು ಮುಗಿಯುವುದರೊಳಗೆ ಅಮೆರಿಕದ ಶಾಲೆಗಳು ಬಹುತೇಕ ಎಲ್ಲೆಡೆ ಬಾಗಿಲು ಹಾಕಿದವು. ಒಂಬತ್ತನೆಯ ತರಗತಿಯಲ್ಲಿದ್ದ ಮಗನ ಶಾಲೆ ಅವನ ಮಲಗುವ ಕೋಣೆಗೇ ಬಂತು. ಪಾಠ, ಮನೆಗೆಲಸ, ಗೆಳೆಯರು, ಆಟ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುತ್ತಿದ್ದೆ. "ಹುಡುಗ ಎಷ್ಟು ಶ್ರದ್ಧೆಯಿಂದ ಓದುತ್ತಾನೆ ಗೊತ್ತಾ ಅತ್ತೆ" ಎಂದು ಮೈಸೂರಿಗೆ ಫೋನು ಮಾಡಿ ಹೆಮ್ಮೆಪಟ್ಟವಳು ನಾನು.

ಅಕ್ಟೋಬರಿನಲ್ಲಿ ಶಾಲೆಯ ಕೌನ್ಸೆಲರ್ ಫೋನು ಮಾಡಿದರು. ಐದು ವಾರಗಳಿಂದ ಅವನು ಕ್ಯಾಮೆರಾ ತೆರೆದಿರಲಿಲ್ಲ, ಒಂದೂ ಮನೆಗೆಲಸ ಒಪ್ಪಿಸಿರಲಿಲ್ಲ. ಸಿಟ್ಟಿನಲ್ಲಿ ನಾವು ಮೊದಲು ಮಾಡಿದ ಕೆಲಸವೆಂದರೆ ಇಂಟರ್‌ನೆಟ್ ಕಿತ್ತು ಹಾಕಿದ್ದು. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ರಾತ್ರಿ, "ಅಮ್ಮಾ, ನನ್ನ ಜೊತೆ ಮಾತಾಡೋರು ಇದ್ದದ್ದೇ ಅಲ್ಲಿ" ಎಂದ. ನಿದ್ದೆ ಬಾರದೆ, ಒಂಟಿತನ ತಾಳದೆ ಬೆಳಗಿನ ಮೂರರವರೆಗೆ ಆಟದಲ್ಲಿ ಮುಳುಗಿರುತ್ತಿದ್ದನಂತೆ. ಅದನ್ನು ನಾವು ಬರೀ ಚಟವೆಂದು ಬಗೆದಿದ್ದೆವು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಪಿಡುಗಿನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ, ಖಿನ್ನತೆಗಳು ಶೇಕಡಾ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. 2021ರ ಡಿಸೆಂಬರಿನಲ್ಲಿ ಯುವಜನರ ಮಾನಸಿಕ ಆರೋಗ್ಯದ ಬಗ್ಗೆ ಅಮೆರಿಕಕ್ಕೆ ಎಚ್ಚರಿಕೆ ಕೊಟ್ಟವರು ಅಂದಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದವರು. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಮಕ್ಕಳಿಗೆ ಇಂಥ ತೊಂದರೆಯ ಅಪಾಯ ಇಮ್ಮಡಿ ಎಂದು 2023ರಲ್ಲಿ ಮತ್ತೆ ಎಚ್ಚರಿಸಿದರು.

ಊರಿನಿಂದ ಓದಲು ಬಂದವರ ಪಾಡು ಇನ್ನೊಂದು ಬಗೆ. ಪಾಠಗಳೆಲ್ಲ ಆನ್‌ಲೈನ್ ಆದರೆ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕೆಂದು 2020ರ ಜುಲೈ 6ರಂದು ಸರ್ಕಾರ ಹೇಳಿತು. 14ರಂದು ಅದನ್ನು ಹಿಂತೆಗೆದುಕೊಂಡಿತು. ಆ ಎಂಟು ದಿನ ನಮ್ಮೂರಿನ ಹುಡುಗ ಹುಡುಗಿಯರು ನಿದ್ದೆಗೆಟ್ಟು ಫೋನು ನೋಡುತ್ತಾ ಕುಳಿತಿದ್ದರು. ಅವರಿಗೆ ಇಂಟರ್‌ನೆಟ್ ಬಿಡು ಎನ್ನುವುದು ಹೇಗೆ?

ಆಪ್ತಸಲಹೆಗಾರರ ಬಳಿ ಕರೆದೊಯ್ಯಿರೆಂದು ಶಾಲೆ ಹೇಳಿದಾಗ, "ಜನ ಏನಂದಾರು" ಎಂದು ನಾವು ಒಂದು ತಿಂಗಳು ಮುಂದೂಡಿದೆವು. ಅದೇ ನನ್ನ ದೊಡ್ಡ ತಪ್ಪು. ಕೊನೆಗೆ ಹೋದೆವು. ಅವರ ಸಲಹೆಯಂತೆ ಕಂಪ್ಯೂಟರು ಊಟದ ಮೇಜಿಗೆ ಬಂತು, ರಾತ್ರಿ ಫೋನು ಅಡುಗೆಮನೆಯಲ್ಲಿ ಉಳಿಯಿತು. ನಮ್ಮ ಫೋನುಗಳೂ ಸಹ. ಇಲ್ಲಿ ರಾತ್ರಿ ಮಲಗುವ ಮುನ್ನ, ಮೈಸೂರಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ, ದಿನವೂ ಅಜ್ಜಿಯೊಡನೆ ವಿಡಿಯೋ ಕರೆ. ಅವರು ಮಾರ್ಕ್ಸ್ ಕೇಳಲಿಲ್ಲ. "ಏನು ತಿಂದೆ ಮರಿ?" ಎಂದಷ್ಟೇ ಕೇಳುತ್ತಿದ್ದರು. ಅವನು ನಿಧಾನವಾಗಿ ಚೇತರಿಸಿಕೊಂಡ, ಕನ್ನಡವೂ ತಿದ್ದಿಕೊಂಡಿತು.

ಬಂಧುಗಳೇ, ಈ ವಿಷಯವನ್ನು ಸಂಘದ ಗೆಳತಿಯರಲ್ಲಿ ಬಾಯಿಬಿಟ್ಟಾಗ ಇನ್ನೂ ಮೂರು ಮನೆಯವರು "ನಮ್ಮಲ್ಲೂ ಹೀಗೇ" ಎಂದರು. ಒಂದೇ ಹಾಲಿನಲ್ಲಿ ಯುಗಾದಿಯ ಹೋಳಿಗೆ ಉಂಡವರು, ಈ ಕಹಿಯನ್ನು ಮಾತ್ರ ಬೇರೆ ಬೇರೆಯಾಗಿ ನುಂಗಿದ್ದೆವು.

ನನ್ನ ವಿನಂತಿ ಎರಡು. ತಿಂಗಳಿಗೊಮ್ಮೆ ಮಕ್ಕಳು, ವಿದ್ಯಾರ್ಥಿಗಳು ಅಂಕಗಳ ಪ್ರಸ್ತಾಪವಿಲ್ಲದೆ ಸೇರಲು ಸಂಘ ಒಂದು ಜಾಗ ಮಾಡಿಕೊಡಲಿ. ಸಂಘದ ದೂರವಾಣಿ ಪಟ್ಟಿಯ ಮೊದಲ ಪುಟದಲ್ಲೇ ಸಂಕಟದ ಹೊತ್ತಿನ ಸಹಾಯವಾಣಿ 988, ಭಾರತದಲ್ಲಿರುವ ಬಂಧುಗಳಿಗಾಗಿ ಟೆಲಿ ಮಾನಸ್ 14416 ಅಚ್ಚಾಗಲಿ. ಇಂದು ಮನೆಗೆ ಹೋದಮೇಲೆ ಮಕ್ಕಳ ಕೋಣೆಯ ಬಾಗಿಲು ತಟ್ಟಿ, "ಊಟ ಆಯ್ತಾ?" ಎಂದು ಕೇಳಿ, ಉತ್ತರ ಬರುವವರೆಗೆ ಅಲ್ಲೇ ನಿಲ್ಲಿ.

 ಸಿರಿಗನ್ನಡಂ ಗೆಲ್ಗೆ.