ಗಾಳಿ ನಮ್ಮದು, ರೇಡಿಯೋ ಯಾರದು?
(ಕುರುಬರಹಳ್ಳಿಯಲ್ಲಿ ಆಡಿದ ಮಾತು)



ಈ ಕುರುಬರಹಳ್ಳಿ ಇಂದು ಹೆಸರಿಗಷ್ಟೇ ಹಳ್ಳಿ; ಬೆಂಗಳೂರು ಇದನ್ನು ನುಂಗಿ ಬಹಳ ಕಾಲವಾಯ್ತು. ರೇಡಿಯೋದ ಗತಿಯೂ ಹಾಗೇ ಆಗ್ತಿದೆ. ದೇಶದ ಮೊದಲ ಖಾಸಗಿ ಎಫ್.ಎಂ., ರೇಡಿಯೋ ಸಿಟಿ, 2001ರಲ್ಲಿ ಹುಟ್ಟಿದ್ದು ಬೆಂಗಳೂರಲ್ಲೇ. 2015ರಲ್ಲಿ ಅದು ಕಾನ್ಪುರದ ಜಾಗರಣ ಪತ್ರಿಕಾ ಕಂಪನಿಯ ಪಾಲಾಯ್ತು. ಯಜಮಾನ ದೂರದಲ್ಲಿದ್ದರೆ ಯಾವ ಹಾಡು, ಯಾವ ಭಾಷೆ ಎಂಬುದನ್ನು ಜಾಹೀರಾತಿನ ಲಾಭವೇ ತೀರ್ಮಾನಿಸುತ್ತೆ. ಅಲ್ಲಿ ನಿಮ್ಮ ಟೊಮ್ಯಾಟೊ ಧಾರಣೆಗೆ ಜಾಗವೆಲ್ಲಿ?

ಗಾಳಿಯ ತರಂಗ ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಗೋಮಾಳ ಗುತ್ತಿಗೆಗೆ ಹೋದರೆ ದನಕ್ಕೆ ದಾರಿ ಬಿಡಿ ಅನ್ನೋದಿಲ್ಲವೇ? ಹಾಗೇ ಲೈಸೆನ್ಸಿನಲ್ಲಿ ಷರತ್ತು ಹಾಕಲಿ: ದಿನಾ ಬೆಳಿಗ್ಗೆ, ಕನ್ನಡದಲ್ಲಿ, ಮಾರುಕಟ್ಟೆ ಧಾರಣೆ ಮತ್ತು ಮಳೆ ಸುದ್ದಿ. ಧಾರಣೆ ತಿಳಿಯದ ರೈತ ದಲ್ಲಾಳಿ ಹೇಳಿದ ಬೆಲೆಗೆ ಮಾರಿ ಸಾಲಕ್ಕೆ ಬೀಳ್ತಾನೆ. ನಾವು ಕೇಳೋದು ಭಿಕ್ಷೆಯಲ್ಲ, ನಮ್ಮ ಗಾಳಿಯ ಬಾಡಿಗೆ.