ಗೋಶಾಲೆಯ ಹಿಂಡಿ ಮತ್ತು ಉಗ್ರಾಣದ ವಿಷ



ನಾಗಪುರದ ಗೋಶಾಲೆಗಳು ಹತ್ತಿಬೀಜದ ಹಿಂಡಿ, ತೊಗರಿ ಹೊಟ್ಟುಗಳನ್ನು ಉಗ್ರಾಣಗಳಿಂದಲೇ ತರಿಸಬೇಕು. ಹುಳು ಹಿಡಿಯದಂತೆ ಉಗ್ರಾಣಗಳಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಡುವುದು ದೇಶದ ರೂಢಿ. 3 ಗ್ರಾಂ ಮಾತ್ರೆಯೊಂದು 1 ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ.

ಈ ಅನಿಲ ಹಾಯಿಸಿದ ಆಹಾರವನ್ನು ಇಲಿಗಳಿಗೆ 2 ವರ್ಷ ತಿನ್ನಿಸಿದ ಪ್ರಯೋಗದ ವರದಿ 1972ರಲ್ಲಿ ಪ್ರಕಟವಾಯಿತು. ವಿಷದ ಲಕ್ಷಣ ಕಾಣಲಿಲ್ಲ. (ಇಲಿಗಳ ಪ್ರಾಣವನ್ನು ಪಣವಿಟ್ಟು ಪಡೆದ ಈ ಅರಿವು ಅಹಿಂಸಾವ್ರತಿಗಳಿಗೆ ಇರುಸುಮುರುಸಿನದೇ.) ಆದರೆ ಇಲಿ ಪಾರಾದ ಮಾತ್ರಕ್ಕೆ ಎಲ್ಲ ಪ್ರಾಣಿಗಳೂ, ಎಲ್ಲ ವಿಷಗಳಿಂದಲೂ ಪಾರಾದಂತಲ್ಲ. ಒಂದು ಕಾಲಕ್ಕೆ ಧಾನ್ಯಕ್ಕೆ ಧಾರಾಳವಾಗಿ ಬಳಸುತ್ತಿದ್ದ ಎಥಿಲೀನ್ ಡೈಬ್ರೋಮೈಡ್ ಹೊಟ್ಟೆಗೆ ಹೋದ ಕೋಳಿಗಳ ಮೊಟ್ಟೆ ಕಿರಿದಾಯಿತು, ಹೋರಿಗಳ ವೀರ್ಯ ಕೆಟ್ಟಿತು. ಅಮೆರಿಕ ಆ ಬಳಕೆಯನ್ನು 1984ರಲ್ಲಿ ತಡೆಯಿತು.

ಗೋಶಾಲೆಯ ಹಸುವಂತೂ ಮುದಿತನದವರೆಗೂ ಇದೇ ಮೇವನ್ನು ತಿನ್ನುತ್ತದೆ. ಫಾಸ್ಫೀನ್ ಅನಿಲ ಗಾಳಿಯಾಡಿಸಿದರೆ ಹೋಗುತ್ತದೆ. ಮಾತ್ರೆಯ ಬೂದಿಯಲ್ಲಿ ಉಳಿದ ಫಾಸ್ಫೈಡ್ ಹಾಗೆ ಹೋಗದು. ಆದುದರಿಂದ ಮಾತ್ರೆಯಿಟ್ಟ ದಿನಾಂಕ, ಗಾಳಿಯಾಡಿಸಿದ ಅವಧಿ, ಬೂದಿ ತೆಗೆದ ದಾಖಲೆ ಇವು ಬಿಲ್ಲಿನೊಡನೆ ಬಾರದ ಹಿಂಡಿಗೆ ಗೋಶಾಲಾ ಸಮಿತಿಗಳು ಹಣ ಪಾವತಿಸಬಾರದು. ದಾನಿಗಳೂ ಲೆಕ್ಕಪತ್ರದಲ್ಲಿ ಮೊತ್ತದ ಜೊತೆಗೆ ಇದನ್ನೂ ಕೇಳಲಿ. ಚೀಲದೊಳಗೆ ಬೂದು ಪುಡಿ ಕಂಡರೆ ಆ ಚೀಲ ಅಂದೇ ಹಿಂದಿರುಗಬೇಕು.