ತಾನಾಗಿ ಕೂಡಿದ ಶ್ರುತಿಯೇ?



ಸ್ಟುಡಿಯೋದಲ್ಲಿ ಸಂಗೀತ ಕಾರ್ಯಕ್ರಮದ ಧ್ವನಿಮುದ್ರಣಕ್ಕೆ ಮುಂಚೆ ತಂಬೂರಿ ಶ್ರುತಿ ಮಾಡುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಮೊದಲು ಬಿರಡೆ ತಿರುಗಿಸುತ್ತಾರೆ. ಆಮೇಲೆ ತಂತಿಗೆ ಪೋಣಿಸಿದ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ನಾಲ್ಕು ತಂತಿಗಳೂ ಕೂಡಿಬರಲು ತಾಳ್ಮೆ ಬೇಕು. ಹೀಗಿರುವಾಗ, ಬಸ್ಸಿನಲ್ಲಿ ಕುಲುಕಾಡುತ್ತಾ ಬಂದ ತಂಬೂರಿಯ ಗವಸು ಬಿಚ್ಚಿದೊಡನೆ ನಾಲ್ಕೂ ತಂತಿಗಳು ಶ್ರುತಿಯಲ್ಲೇ ಇದ್ದರೆ? ಆಕಸ್ಮಿಕ ಎಂದು ಸುಮ್ಮನಾಗುತ್ತೀರಾ, ಇಲ್ಲವೇ ಕಾರಣ ಹುಡುಕುತ್ತೀರಾ? ಮೂಲಕಣಗಳ ಭೌತವಿಜ್ಞಾನ ಇಂದು ಇಂಥದೇ ಪ್ರಶ್ನೆಯ ಮುಂದೆ ನಿಂತಿದೆ.

2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯವು ಹೊಸ ಕಣವೊಂದು ಸಿಕ್ಕಿತೆಂದು ಪ್ರಕಟಿಸಿತು. ಅದೇ ಹಿಗ್ಸ್ ಕಣ. ಅದರ ದ್ರವ್ಯರಾಶಿ ಸುಮಾರು 125 ಜಿಇವಿ, ಅಂದರೆ ಪ್ರೋಟಾನಿನ ಸುಮಾರು 133 ಪಟ್ಟು. ಈ ಸಂಖ್ಯೆ ದೊಡ್ಡದೆಂದು ನಿಮಗೆ ತೋರಬಹುದು. ವಿಜ್ಞಾನಿಗಳ ಚಿಂತೆ ಮಾತ್ರ ಅದು ಇಷ್ಟು ಚಿಕ್ಕದೇಕೆ ಎಂಬುದು.

ಕ್ವಾಂಟಂ ಸಿದ್ಧಾಂತದಲ್ಲಿ ಯಾವ ಕಣವೂ ಒಂಟಿಯಲ್ಲ. ಸುತ್ತಲಿನ ಶೂನ್ಯದಲ್ಲಿ ಕ್ಷಣಮಾತ್ರ ತೋರಿ ಮರೆಯಾಗುವ ಇತರ ಕಣಗಳ ಪ್ರಭಾವವೂ ಅದರ ದ್ರವ್ಯರಾಶಿಗೆ ಸೇರುತ್ತದೆ. ಸಿದ್ಧಾಂತವನ್ನು ಹೆಚ್ಚು ಹೆಚ್ಚು ಶಕ್ತಿಯವರೆಗೆ ಎಳೆದಂತೆಲ್ಲ ಹಿಗ್ಸ್‌ಗೆ ಬರುವ ಈ ಸೇರ್ಪಡೆ ಬೆಳೆಯುತ್ತಲೇ ಹೋಗುತ್ತದೆ. ಗುರುತ್ವ ಪ್ರಬಲವಾಗುವ ಪ್ಲಾಂಕ್ ಶಕ್ತಿ ಸುಮಾರು 1ರ ಮುಂದೆ 19 ಸೊನ್ನೆ ಹಾಕಿದಷ್ಟು ಜಿಇವಿ. ಅಲ್ಲಿಯವರೆಗೂ ಇಂದಿನ ಸಿದ್ಧಾಂತವೇ ಸಾಕು ಎಂದುಕೊಂಡರೆ, ಲೆಕ್ಕದಲ್ಲಿ ಎರಡು ಬೃಹತ್ ಸಂಖ್ಯೆಗಳು 30ಕ್ಕೂ ಹೆಚ್ಚು ಅಂಕಿಗಳವರೆಗೆ ಒಂದೇ ಆಗಿದ್ದು, ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿಯುವ ಚೂರಿನಿಂದ ಈ 125 ಬರಬೇಕು. ಇದೇ ಸೂಕ್ಷ್ಮ ಹೊಂದಾಣಿಕೆಯ ಸಮಸ್ಯೆ.

ಒಂದು ಮಾತು ಗಮನದಲ್ಲಿರಲಿ. ಇಲ್ಲಿ ಸಿದ್ಧಾಂತ ತಪ್ಪಿಲ್ಲ, ಪ್ರಯೋಗಕ್ಕೆ ವಿರುದ್ಧವಾದದ್ದೂ ಏನಿಲ್ಲ. ಹಾಗಾದರೆ ತಲೆ ಕೆಡಿಸಿಕೊಳ್ಳುವುದೇಕೆ? ಇಂಥ ಪ್ರಶ್ನೆಗಳು ಹಿಂದೆ ಫಲ ಕೊಟ್ಟಿವೆ.

ಎಲೆಕ್ಟ್ರಾನನ್ನೇ ನೋಡಿ. ವಿದ್ಯುದಂಶವನ್ನು ಪುಟ್ಟ ಗೋಲದೊಳಗೆ ತುಂಬಲು ಶಕ್ತಿ ಬೇಕು. ಗೋಲ ಕಿರಿದಾದಷ್ಟೂ ಶಕ್ತಿ ಹೆಚ್ಚು. ಒಂದು ಮೀಟರಿನ ಕೋಟಿಯ ಒಂದು ಪಾಲನ್ನು ಮತ್ತೆ ಹತ್ತು ಸಾವಿರ ಕೋಟಿ ಪಾಲು ಮಾಡಿದರೆ ಬರುವ ಅಳತೆಗೆ ಇಳಿದರೆ, ಈ ಶಕ್ತಿಯೊಂದೇ ಎಲೆಕ್ಟ್ರಾನಿನ ದ್ರವ್ಯರಾಶಿಯ ಸಾವಿರಕ್ಕೂ ಹೆಚ್ಚು ಪಟ್ಟಾಗುತ್ತದೆ. ಹಾಗಾದರೆ ಎಲೆಕ್ಟ್ರಾನ್ ಇಷ್ಟು ಹಗುರವೇಕೆ? ಉತ್ತರ ಹೊಸ ಕಣದಲ್ಲಿತ್ತು. 1932ರಲ್ಲಿ ಕಾರ್ಲ್ ಆಂಡರ್ಸನ್ ಪಾಸಿಟ್ರಾನನ್ನು ಕಂಡರು. ಶೂನ್ಯದಲ್ಲಿ ಅದರ ಆಟವನ್ನು ಲೆಕ್ಕಕ್ಕೆ ಸೇರಿಸಿದಾಗ ದೊಡ್ಡ ಸಂಖ್ಯೆ ತಾನಾಗಿ ಕುಗ್ಗಿತು. ಮೊದಲು ಆ ಲೆಕ್ಕ ಮಾಡಿದ ವಿಕ್ಟರ್ ವೈಸ್ಕಾಫ್ 1934ರಲ್ಲಿ ಚಿಹ್ನೆಯೊಂದನ್ನು ತಪ್ಪಿದ್ದರು. ಅದನ್ನು ತೋರಿಸಿಕೊಟ್ಟವರು ವೆಂಡೆಲ್ ಫರ್ರಿ. ಪರೀಕ್ಷೆಯಲ್ಲಿ ಕೂಡುವ ಕಡೆ ಕಳೆದವರು ಎದೆಗುಂದಬೇಕಾಗಿಲ್ಲ!

ಇನ್ನೊಂದು ಉದಾಹರಣೆ. ಕೆಯಾನ್ ಎಂಬ ಕಣಗಳ ದ್ರವ್ಯರಾಶಿಯಲ್ಲಿರುವ ಅತಿ ಸಣ್ಣ ವ್ಯತ್ಯಾಸವನ್ನು ಹಿಡಿದು, 1974ರಲ್ಲಿ ಮೇರಿ ಗಯಾರ್ ಮತ್ತು ಬೆಂಜಮಿನ್ ಲೀ ಆಗಿನ್ನೂ ಕಾಣದಿದ್ದ ಚಾರ್ಮ್ ಕ್ವಾರ್ಕ್ ಎಷ್ಟು ಭಾರವಿರಬೇಕೆಂದು ಅಂದಾಜು ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಅದರ ಸುಳಿವು ಸಿಕ್ಕಿತು.

ಆದರೆ ಎಲ್ಲ ಹೊಂದಾಣಿಕೆಗೂ ಕಾರಣವಿರಲೇಬೇಕೆ? ಸೂರ್ಯನ ವ್ಯಾಸ ಚಂದ್ರನದರ ಸುಮಾರು 400 ಪಟ್ಟು. ಸೂರ್ಯನ ದೂರವೂ ಚಂದ್ರನ ದೂರದ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಆದ್ದರಿಂದಲೇ ಆಕಾಶದಲ್ಲಿ ಎರಡೂ ಒಂದೇ ಅಳತೆಯವಾಗಿ ಕಂಡು, ಪೂರ್ಣ ಗ್ರಹಣ ಸಾಧ್ಯವಾಗುತ್ತದೆ. ಇದರ ಹಿಂದೆ ನಿಯಮವೇನೂ ಇಲ್ಲ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ನಾವು ಹುಟ್ಟಿದ ಕಾಲ ಅಂಥದು, ಅಷ್ಟೇ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಚಂದ್ರನ ಸುತ್ತ ಬೆಳಕಿನ ಬಳೆ ಉಳಿದ ಕಂಕಣ ಗ್ರಹಣವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ದಿನ ಈ ಹೊಂದಾಣಿಕೆ ತುಸು ತಪ್ಪಿತ್ತು.

ಹಿಗ್ಸ್‌ನದು ಯಾವ ಬಗೆ? ಪಾಸಿಟ್ರಾನಿನದೋ, ಗ್ರಹಣದ್ದೋ? ಮೊದಲನೆಯದೆಂದು ನಂಬಿದವರಲ್ಲಿ ಹಲವರು ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತದತ್ತ ನೋಡಿದರು. ಅದರ ಪ್ರಕಾರ ಪ್ರತಿಯೊಂದು ಕಣಕ್ಕೂ ಒಂದು ಜೊತೆಗಾರ ಕಣವಿದ್ದು, ಬೃಹತ್ ಸೇರ್ಪಡೆಗಳು ತಾವಾಗಿ ವಜಾ ಆಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ, 2024ರಲ್ಲಿ ನಮ್ಮನ್ನಗಲಿದ ರೋಹಿಣಿ ಗೋಡಬೋಲೆ ಅವರು ಇಂಥ ಕಣಗಳನ್ನು ಪತ್ತೆಹಚ್ಚುವ ಬಗೆಯನ್ನು ವಿವರಿಸುವ ದೊಡ್ಡ ಗ್ರಂಥದ ಲೇಖಕರಲ್ಲೊಬ್ಬರು. ಆದರೆ 27 ಕಿಲೋಮೀಟರ್ ಸುತ್ತಳತೆಯ ಸರ್ನ್ ಯಂತ್ರದಲ್ಲಿ ಇದುವರೆಗೆ ಒಂದೂ ಜೊತೆಗಾರ ಕಣ ಸಿಕ್ಕಿಲ್ಲ. ಇದರಿಂದ ನಿರಾಶರಾದವರಿದ್ದಾರೆ. ಪ್ರಶ್ನೆಯನ್ನೇ ತಪ್ಪಾಗಿ ಕೇಳಿದೆವೇನೋ ಎನ್ನುವವರೂ ಇದ್ದಾರೆ.

ನಾನು ಬಿ.ಎಸ್ಸಿ. ಓದುವಾಗ ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟಗಳಲ್ಲಿರುತ್ತಿತ್ತು. ಉತ್ತರ ಹೊಂದಿದರೆ ಲೆಕ್ಕ ಮುಗಿಯಿತು ಎಂದೇ ನಾವು ತಿಳಿದಿದ್ದೆವು. ಹಿಗ್ಸ್ ಲೆಕ್ಕದಲ್ಲಿ ಉತ್ತರ ಹೊಂದಿದೆ. ಆದರೂ ಲೆಕ್ಕ ಮುಗಿದಿಲ್ಲ. ಮುಂದೆ ಕಾರಣ ಸಿಗಬಹುದು, ಅಥವಾ ಇದು ಬರೀ ಆಕಸ್ಮಿಕವೆಂದು ಒಪ್ಪಬೇಕಾಗಬಹುದು. ಎರಡರಲ್ಲಿ ಯಾವುದು ಬಂದರೂ ಒಪ್ಪಿಕೊಳ್ಳುವ ಮನಸ್ಸಿಟ್ಟುಕೊಂಡು ಹುಡುಕುವವರು ಬೇಕಾಗಿದ್ದಾರೆ. ಅವರಲ್ಲಿ ನಿಮ್ಮಲ್ಲೊಬ್ಬರು ಇರಲೆಂದು ಹಾರೈಸುತ್ತೇನೆ.